ಜಲಜೆಯ ಮನೆಗೆ ಹೋದ ಪತ್ರಿಕೆ

ಅಕ್ಷರವನ್ನು ನಾಲಗೆಗಿತ್ತ ಶಾರದೆಗೂ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ಗುರುಗಳಿಗೂ ಮೊದಲು ನಮಸ್ಕಾರ. ಮುಂದೆ ಹೇಳಲಿರುವುದು ಸಿಟ್ಟಿನ ಮಾತಾದ್ದರಿಂದ ಕೃತಜ್ಞತೆಯನ್ನು ಮೊದಲೇ ಸಲ್ಲಿಸಿಬಿಡುವುದು ಲೇಸು.

ಐವತ್ತರ ದಶಕದ ಕೊನೆಯ ಆ ದಿನಗಳಲ್ಲಿ ಗುರುವಾಯನಕೆರೆಯ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಕೈಬರಹದ ಪತ್ರಿಕೆಯೊಂದಿತ್ತು. ತಿಂಗಳಿಗೊಂದು ಸಂಚಿಕೆ, ಅದಕ್ಕೆ ಒಂದೇ ಪ್ರತಿ. ವಾರವಿಡೀ ಜಗಲಿಯ ಮೇಜಿನ ಮೇಲಿದ್ದು, ಶನಿವಾರ ಸರದಿಯಂತೆ ಒಬ್ಬೊಬ್ಬರ ಮನೆಗೆ ಹೋಗುತ್ತಿತ್ತು. ಅಲ್ಲಿ ಹಿರಿಯರೆದುರು ಗಟ್ಟಿಯಾಗಿ ಓದುವುದು ವಾಡಿಕೆ.

ಸಂಪಾದಕಿ ವಸಂತಿ ಹೋಟೆಲಿನವರ ಮಗಳು, ನಮಗಿಂತ ಒಂದು ತರಗತಿ ಮೇಲಿನವಳು. ಓದುವವರ ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆಂಬುದು ಅವಳಿಗೆ ಯಾರೂ ಕಲಿಸದೆ ಗೊತ್ತಿತ್ತು. ಬಸಳೆಕಾಯಿ ಹಿಂಡಿ ನೇರಳೆ, ಅರಸಿನಕ್ಕೆ ಸುಣ್ಣ ಬೆರೆಸಿ ಕೆಂಪು. ಬಣ್ಣ ಕಲಸುವ ಕೆಲಸ ನನ್ನದು. ಮುಖಪುಟದಲ್ಲಿ ದೇವರ ಚಿತ್ರವಿಲ್ಲ. ಕೊಡೆ, ಬುತ್ತಿ ಹಿಡಿದು ಬಸ್ಸಿನ ಹಿಂದೆ ಓಡುವ ಹುಡುಗಿ. ಒಳಗೆ ದಪ್ಪಕ್ಷರ, ಗಿಡ್ಡ ವಾಕ್ಯ, ನಾವು ಆಡುವ ಹಾಗೆಯೇ ‘ಉಂಟು’, ‘ಮಾರಾಯ’. ಕೊನೆಯದು ಪ್ರಶ್ನೆಗಳ ಪುಟ. ಮೊಡವೆಗೆ ಏನು ಹಚ್ಚುವುದು, ಗಣಿತದ ಭಯಕ್ಕೆ ಏನು ಮಾಡುವುದು, ಎಲ್ಲವನ್ನೂ ಅಲ್ಲಿ ಕೇಳಬಹುದಿತ್ತು. ಹಪ್ಪಳದ ಎಣ್ಣೆ ಹತ್ತಿ ಆ ಪುಟದ ಮೂಲೆ ಮಾತ್ರ ಕಪ್ಪಾಗಿರುತ್ತಿತ್ತು. ಹೊಸ ಸಂಚಿಕೆ ಬಂದ ದಿನ ಲಗೋರಿಯ ಚೆಂಡನ್ನು ಯಾರೂ ಮುಟ್ಟುತ್ತಿರಲಿಲ್ಲ.

ನಾರಾವಿಯ ಜಲಜೆ ನಮ್ಮ ತರಗತಿಯವಳು. ವಾರವಿಡೀ ಚಿಕ್ಕಮ್ಮನ ಮನೆಯಲ್ಲಿದ್ದು ಶನಿವಾರ ಊರಿಗೆ ಹೋಗುತ್ತಿದ್ದಳು. ಆ ವರ್ಷಕ್ಕೇ ಓದು ಸಾಕೆಂದು ಅವಳ ತಂದೆ ಹೇಳಿದ್ದರು. ಪತ್ರಿಕೆ ಒಯ್ಯುವ ತನ್ನ ಸರದಿ ಬರುವ ಮುಂಚೆ ಅವಳು ವಸಂತಿಯ ಬಳಿ ಬಂದಳು.

“ನಾನು ಹೇಳಿದರೆ ಅಪ್ಪ ಕೇಳುವುದಿಲ್ಲ ವಸಂತಕ್ಕ. ಪತ್ರಿಕೆಯಲ್ಲಿ ಉಂಟು ಅಂದರೆ ಕೇಳ್ತಾರೆ.”

“ಹಾಗಾದರೆ ನಿನ್ನ ಅಪ್ಪನಿಗೇ ಬರೆಯುವ, ಮಾರಾಯ್ತಿ,” ಎಂದಳು ವಸಂತಿ.

ಬರೆದಳು ಕೂಡ. ಮಗಳನ್ನು ಇನ್ನೆರಡು ವರ್ಷ ಓದಿಸಿದರೆ ಮನೆಗೇನು ಒಳ್ಳೆಯದೆಂದು, ತಂದೆಯ ಮಾನಕ್ಕೆ ಎಲ್ಲಿಯೂ ಕುಂದು ಬಾರದಂತೆ, ಒಂದೇ ಪುಟದಲ್ಲಿ. ಓದಿ ಜಲಜೆಗೆ ಅಳು ಬಂತು.

ಶುಕ್ರವಾರ ನಮ್ಮ ಕನ್ನಡ ಪಂಡಿತರು ಪತ್ರಿಕೆಯನ್ನು ಕೈಗೆತ್ತಿಕೊಂಡರು. ಮುಖಪುಟ ನೋಡಿ, “ಇದು ಸರಸ್ವತಿಯ ಪೀಠವೋ, ಬಸ್ಸಿನ ಕಟ್ಟೆಯೋ?” ಎಂದರು.

“ಓದುವವರು ನಾವೇ ಅಲ್ವಾ, ಪಂಡಿತರೇ?” ಎಂದು ವಸಂತಿ ಮೆಲ್ಲನೆ ಕೇಳಿದಳು.

ಅವರು ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೊರಟರು. ಮರುದಿನ ಪತ್ರಿಕೆಯನ್ನು ಬಟ್ಟೆಯಲ್ಲಿ ಸುತ್ತಿ ನೇರವಾಗಿ ಜಲಜೆಯ ಕೈಗೇ ಕೊಟ್ಟರು. ಬಸ್ಸಿಗೆ ಹೊತ್ತಾಗಿತ್ತು, ಅವಳು ಬಿಚ್ಚಿ ನೋಡದೆ ಓಡಿದಳು.

ಸೋಮವಾರ ಅದನ್ನು ಮೇಜಿನ ಮೇಲಿಟ್ಟಾಗ ನಾವು ಕಂಡೆವು. ಓಡುವ ಹುಡುಗಿಯ ಮೇಲೆ ಕಂದು ಕಾಗದ ಅಂಟಿಸಿತ್ತು. ವಸಂತಿಯ ಪುಟ ಹರಿದುಹೋಗಿ, ಅಲ್ಲಿ ಪಂಡಿತರ ಸುಂದರ ಅಕ್ಷರದ ಪ್ರಬಂಧ: ತಂದೆಯ ಮಾತು ಮೀರದಿರುವುದೇ ಮಕ್ಕಳಿಗೆ ಪರಮಧರ್ಮ.

“ಅಪ್ಪ ಎರಡು ಸಲ ಓದಿಸಿದರು,” ಎಂದಳು ಜಲಜೆ. “ಶಾಲೆಯವರೇ ಹೇಳ್ತಾರೆ, ಇನ್ನು ನಿನ್ನದೇನು ಉಂಟು ಅಂತ ಕೇಳಿದರು.”

ಬೇಸಗೆ ರಜೆ ಕಳೆದ ಮೇಲೆ ಅವಳು ಬರಲಿಲ್ಲ. ಪತ್ರಿಕೆ ಪಂಡಿತರ ಕೈಯಲ್ಲಿ ಒಂದು ವರ್ಷ ನಡೆಯಿತು. ಪುಟದ ಮೂಲೆಗಳು ಕೊನೆಯವರೆಗೂ ಬೆಳ್ಳಗಿದ್ದವು.

ನನಗೆ ಛಂದಸ್ಸು ಕಲಿಸಿದವರು ಅವರೇ. ಇಂದಿಗೂ ಪೂಜೆಯ ಮುನ್ನ ಅವರನ್ನು ಸ್ಮರಿಸುತ್ತೇನೆ. ಆ ಋಣ ಬೇರೆ, ಈ ಸಿಟ್ಟು ಬೇರೆ. ಅರುವತ್ತು ವರ್ಷಗಳಲ್ಲಿ ಒಂದು ಇನ್ನೊಂದನ್ನು ಕರಗಿಸಿಲ್ಲ. ಧರ್ಮವೆಂಬ ದೊಡ್ಡ ಶಬ್ದವನ್ನು ಒಬ್ಬ ಹುಡುಗಿಯ ಬಾಯಿಗೆ ತುರುಕಿ, ಅವಳ ದಾರಿಯನ್ನು ಅವಳಿಂದಲೇ ಮುಚ್ಚಿಸಿದ್ದು ಯಾವ ಧರ್ಮ? ಇಂದು ಮೊಮ್ಮಕ್ಕಳು ಓದುವ ಪತ್ರಿಕೆಗಳಲ್ಲಿ ಬಣ್ಣಕ್ಕೆ ಬರವಿಲ್ಲ, ಹದಿಹರೆಯದವರ ಮಾತಿನ ಧಾಟಿಗೂ ಬರವಿಲ್ಲ. ಮೊಡವೆಯ ಪ್ರಶ್ನೆಗೆ ಉತ್ತರವಾಗಿ ಪಕ್ಕದಲ್ಲೇ ಮುಲಾಮಿನ ಜಾಹೀರಾತು ಉಂಟು. ಆದರೆ ಯಾರದೋ ತಂದೆಗೆಂದು ಬರೆದ ಒಂದು ಪುಟ ಇಲ್ಲ.

ಬಸಳೆಯ ಬಣ್ಣದ ವಸಂತಿಗೆ ಒಳಿತಾಗಲಿ. ಕೇಳಿಸಿಕೊಂಡದ್ದನ್ನು ನಂಬಿದ ಆ ತಂದೆಗೂ ಒಳಿತಾಗಲಿ. ನನ್ನ ಗುರುಗಳಿಗೆ ಸದ್ಗತಿಯಾಗಲಿ. ಅಲ್ಲಿ ಅವರಿಗೆ ವಸಂತಿಯ ಪುಟವನ್ನು ಜಲಜೆಯೇ ಗಟ್ಟಿಯಾಗಿ, ಎರಡು ಸಲ, ಓದಿ ಹೇಳುವಂತಾಗಲಿ.