ಪೋರೂರು ಕೆರೆಯ ಜಿಲೇಬಿ

ಆ ಪೊಟ್ಟಣ ಬಿಚ್ಚಿದ್ದು ಮಾವನೋ, ಅಡುಗೆಭಟ್ಟರೋ, ನನಗೆ ಖಚಿತವಿಲ್ಲ. ಒಳಗಿದ್ದ ಮೀನೊಂದು ಬಾಯಿ ತೆರೆದು ಮುಚ್ಚಿತೆಂದು ನೆನಪು ಹೇಳುತ್ತದೆ. ನೀರು ಬಿಟ್ಟು ಅಷ್ಟು ಹೊತ್ತಾದ ಮೇಲೆ ಅದು ಸಾಧ್ಯವೇ ಇಲ್ಲ. ಅರವತ್ತನೇ ಇಸವಿಯ ಹಿಂದುಮುಂದಿನ ಮಾತು.

ಆಗ ನಾನು ಮದರಾಸಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಕೀಲ್ಪಾಕಿನಲ್ಲಿ ಸೋದರಮಾವನ ಸಸ್ಯಾಹಾರಿ ಹೋಟೆಲಿನ ಮಹಡಿ ಕೋಣೆಯಲ್ಲಿದ್ದೆ. ಭಾನುವಾರ ಪೋರೂರು ಕೆರೆಗೆ ಹೋಗುತ್ತೇನೆಂದು ಅವರಿಗೆ ಹೇಳಿದ್ದೆ. ಗಾಳ ಹಾಕಲು ಎಂದು ಹೇಳಿರಲಿಲ್ಲ. ಗೊತ್ತಾದರೆ ಕೋಣೆ ಉಳಿಯುತ್ತಿರಲಿಲ್ಲ. ನಾನು ಮೀನು ತಿನ್ನುವವನಲ್ಲ. ಹಿಡಿದು, ನೋಡಿ, ಮತ್ತೆ ನೀರಿಗೆ ಬಿಡುತ್ತಿದ್ದೆ. ಅಷ್ಟರಿಂದ ಎಲ್ಲ ಸರಿಹೋಯಿತೆಂದುಕೊಂಡಿದ್ದೆ.

ಆಮೇಲೆ ಕೆರೆಯಲ್ಲಿ ಜಿಲೇಬಿ ತುಂಬಿತು. ಹೊರದೇಶದಿಂದ ತಂದು ಬಿಟ್ಟ ಒಂದು ಮೀನಿಗೆ ಅಲ್ಲಿಯ ಜನ ಇಟ್ಟ ಹೆಸರು ಅದು. ಒಳ್ಳೆಯ ಗೆಂಡೆ ಮೀನುಗಳನ್ನು ಬೆಳೆಯಗೊಡುವುದಿಲ್ಲವೆಂದು ನಮ್ಮ ಗಾಳದ ಸಂಘದ ಕಾರ್ಯದರ್ಶಿ ಅದರ ಮೇಲೆ ಹಗೆ ಸಾಧಿಸುತ್ತಿದ್ದರು. ಜಿಲೇಬಿಯನ್ನು ನೀರಿಗೆ ಬಿಡಕೂಡದು, ದಡದಲ್ಲಿ ಎಸೆಯಕೂಡದು, ಕೆರೆಯ ಕಾವಲುಗಾರನಿಗೂ ಕೊಡಕೂಡದು ಎಂಬುದು ಅವರು ಹೇಳಿದ ನಿಯಮ. ರುಚಿ ಹತ್ತಿದರೆ ಅವನೇ ಸಾಕತೊಡಗುತ್ತಾನೆ. ಹಿಡಿದವರೇ ಮನೆಗೊಯ್ಯಬೇಕು. ತಿನ್ನದವನು ಒಯ್ದು ಏನು ಮಾಡಬೇಕೆಂದು ಕೇಳಿದರೆ, ನಿಯಮ ಎಂದರೆ ನಿಯಮ ಎಂದರು. ಅವರೂ ಅದನ್ನು ತಿನ್ನುತ್ತಿರಲಿಲ್ಲ, ಕೂಲಿಯವರ ಮೀನಂತೆ. ಅವರ ಗಾಳಕ್ಕೆ ಮಾತ್ರ ಅದು ಯಾವತ್ತೂ ಬೀಳುತ್ತಿರಲಿಲ್ಲ.

ರೇಗಿಹೋಗಿ ಒಂದು ಭಾನುವಾರ ಆರು ಜಿಲೇಬಿಗಳನ್ನು ಕಾಗದದಲ್ಲಿ ಕಟ್ಟಿ, ಕಾವಲುಗಾರನ ಗುಡಿಸಲ ಹಿಂದೆ ಇಟ್ಟು ಬಂದೆ. ಸದ್ದಿಲ್ಲದೆ ಸಾರು ಮಾಡಿಕೊಳ್ಳಲಿ ಎಂದು. ಅವನ ಬಳಿ ಅದು ಸಿಕ್ಕಿದರೆ ಕೆಲಸ ಹೋಗುತ್ತದೆಂದು ನನಗೆ ಹೊಳೆಯಲಿಲ್ಲ. ಅವನಿಗೆ ಹೊಳೆಯಿತು. ನಾನು ಯಾವ ಹೋಟೆಲಿನವನೆಂದು ಅವನಿಗೆ ಗೊತ್ತಿತ್ತು. ಬಸ್ಸು ಹತ್ತಿ ಬಂದು, ಸಾರ್ ಜಿಲೇಬಿ ಮರೆತು ಹೋಗಿದ್ದಾರೆ ಎಂದು ಮಾವನಿಗೆ ತಮಿಳಿನಲ್ಲಿ ಹೇಳಿ, ಪೊಟ್ಟಣವನ್ನು ಗಲ್ಲಾದ ಮೇಲಿಟ್ಟು ಹೋದ.

ನಾನು ಕೆಳಗಿಳಿದಾಗ ಮಾವನ ಮುಖ ಊದಿತ್ತು.

“ನಮ್ಮ ಬಾಣಲೆಯ ಜಿಲೇಬಿ ನಿನಗೆ ಆಗುದಿಲ್ವಾ ಮಾರಾಯ? ಬೇರೆ ಹೋಟ್ಲಿಂದ ಕಟ್ಟಿಸಿಕೊಂಡು ಹೋಗುದಾ? ನೋಡು, ಪಾಕ ಸೋರ್ತಾ ಉಂಟು.”

ಅದು ಪಾಕವಲ್ಲ ಎನ್ನುವಷ್ಟರಲ್ಲಿ ದಾರ ಬಿಚ್ಚಿ ಆಗಿತ್ತು. ಹತ್ತಿರದ ಮೇಜಿನವರು ಅರ್ಧ ಕಾಫಿ ಬಿಟ್ಟು ಎದ್ದರು.

ಮಾವ ಕೂಗಾಡಲಿಲ್ಲ. ಗಲ್ಲಾವನ್ನು ಮೂರು ಸಲ ತೊಳೆಸಿದರು. ನಾನು ಕೆರೆ, ಸಂಘ, ನಿಯಮ ಎಲ್ಲ ವಿವರಿಸಿ, ಹಿಡಿದದ್ದು ತಿನ್ನಲಿಕ್ಕಲ್ಲ ಎಂದು ಎರಡೆರಡು ಸಲ ಹೇಳಿದೆ.

“ತಿಂದಿದ್ರೆ ಹಸಿವು ಅಂತಾದ್ರೂ ಹೇಳ್ಬಹುದಿತ್ತು,” ಎಂದರು. “ತಿನ್ನುದೂ ಇಲ್ಲ, ಮತ್ತೆ ಅದರ ಬಾಯಿಗೆ ಕೊಕ್ಕೆ ಹಾಕುದು ಯಾಕೆ?”

ಎಂ.ಎಸ್ಸಿ. ಓದಿದ ನಾನು ಮತ್ತೆ ಸಂಘದ ನಿಯಮವನ್ನೇ ಹೇಳತೊಡಗಿದೆ. ಮಹಡಿ ಕೋಣೆ ಕೆಲಸದವರಿಗೆ ಬೇಕಾಗಿದೆ ಎಂದರು ಮಾವ. ನಾನು ದೂರದ ತಾಂಬರಂನಲ್ಲಿ ಕೋಣೆ ಬಾಡಿಗೆಗೆ ಹಿಡಿದು, ದಿನಾ ಎಲೆಕ್ಟ್ರಿಕ್ ರೈಲಿನಲ್ಲಿ ನಿಂತು ಬರತೊಡಗಿದೆ.

ಎಷ್ಟೋ ವರ್ಷಗಳ ಮೇಲೆ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಸಂಘದ ಅಚ್ಚಾದ ನಿಯಮಾವಳಿ ಸಿಕ್ಕಿತು. ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲದ್ದರಿಂದ ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದೆ. ಹಿಡಿದ ಜಿಲೇಬಿಯನ್ನು ಜೀವಂತವಾಗಿ ಕೆರೆಗೆ ಬಿಡಬಾರದು ಎಂದಿತ್ತು. ಯಾರಿಗೂ ಕೊಡಬಾರದೆಂದು ಅದರಲ್ಲಿ ಎಲ್ಲೂ ಇರಲಿಲ್ಲ.