ಕಪಾಟಿನ ಬಾಗಿಲು ತೆಗೆದರು, ಪುಸ್ತಕ ಮುಟ್ಟಬೇಡ ಅಂದರು

ಬೆಳಿಗ್ಗೆ ಲೈಬ್ರರಿಗೆ ಹೋದರೆ ಕಪಾಟುಗಳಿಗೆ ಬಾಗಿಲೇ ಇರಲಿಲ್ಲ.

ಗಾಜಿನ ಬಾಗಿಲುಗಳೆಲ್ಲ ಹೊರಗೆ ಬೇವಿನ ಮರಕ್ಕೆ ಒರಗಿಕೊಂಡು ನಿಂತಿದ್ದವು. ಒಳಗೆ ಲೈಬ್ರರಿಯ ಪುಟ್ಟಸ್ವಾಮಣ್ಣ ಬೆತ್ತ ಹಿಡಿದು ಕೂತಿದ್ದರು.

ತೊಂಬತ್ತರ ದಶಕ. ಸಂತೆಬಾಚಹಳ್ಳಿ ಕಡೆಯ ನಮ್ಮೂರು. ನಾನು ಮದುವೆಯಾಗಿ ಬಂದವಳು, ಅಂಚೆಯಲ್ಲಿ ಬಿ.ಎ. ಕಟ್ಟಿದ್ದೆ. ಈಗಿನ ಹುಡುಗಿಯರು ಫೋನಿನಲ್ಲೇ ಫ್ರೀ ಕೋರ್ಸ್ ಮಾಡುತ್ತಾರೆ, ಬೆರಳು ಸೋಕಿಸಿದರೆ ಪುಸ್ತಕ ತೆರೆದುಕೊಳ್ಳುತ್ತದೆ. ನನಗೆ ಅರ್ಥಶಾಸ್ತ್ರದ ಪಾಠಗಳೇ ಅಂಚೆಯಲ್ಲಿ ಬಂದಿರಲಿಲ್ಲ.

ಆ ವಿಷಯದಲ್ಲಿ ಒಮ್ಮೆ ಫೇಲಾಗಿದ್ದೆ ಬೇರೆ. ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಇದೊಂದ್ ದಪ ಬರಿ ಕಣಮ್ಮಿ. ಆಗ್ನಿಲ್ಲ ಅಂದ್ರೆ ಪುಸ್ತಕ ಕಟ್ಟಿ ಅಟ್ಟಕ್ಕಾಕು."

ಮುಂದಿನ ವಾರ ಕೆ.ಆರ್. ಪೇಟೆಯಲ್ಲಿ ಪರೀಕ್ಷೆ. ಇಡೀ ಊರಿಗೆ ಇದ್ದ ಒಂದೇ ಅರ್ಥಶಾಸ್ತ್ರದ ಪುಸ್ತಕ ಆ ಕಪಾಟಿನಲ್ಲಿತ್ತು. ಬಾಗಿಲಿಲ್ಲದ ಕಪಾಟು ಕಂಡು ನನಗಂತೂ ಸ್ವರ್ಗವೇ ಸಿಕ್ಕಿದಂತಾಯಿತು.

ಕೈ ಚಾಚಿದೆ... ಬೆತ್ತ ಅಡ್ಡ ಬಂತು.

ಮೇಲಿನಿಂದ ಸುತ್ತೋಲೆ ಬಂದಿದೆಯಂತೆ. ಇನ್ನು ಮುಂದೆ "ತೆರೆದ ಕಪಾಟು ಪದ್ಧತಿ". ಪುಟ್ಟಸ್ವಾಮಣ್ಣ ಬಡಗಿಯನ್ನು ಕರೆಸಿ ಎಲ್ಲ ಬಾಗಿಲು ಕೀಳಿಸಿಬಿಟ್ಟಿದ್ದರು.

"ಅಂದ್ರೆ ಓದೋರು ಪುಸ್ತಕ ತಾವೇ ತಕೋಬೋದು ಅಂತ ಅಣ್ಣ" ಅಂದೆ.

"ಕಪಾಟು ತೆರೀರಿ ಅಂದವ್ರೆ, ತೆರ್ದಿವ್ನಿ. ಪುಸ್ತಕ ತೆರೀರಿ ಅಂತ ಎಲ್ಲವ್ವ ಬರ್ದವ್ರೆ?"

ಬೀಗ ಇದ್ದಾಗಲಾದರೂ ಅವರು ಮಧ್ಯಾಹ್ನ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಈಗ ಬಾಗಿಲಿಲ್ಲ ಅಂತ ಕಣ್ಣು ಮಿಟುಕಿಸದೆ ಕಾಯುತ್ತಿದ್ದರು. ಒಂದು ಹಾಳೆ ಹರಿದರೂ ಮೇಲಿನವರು ಕೇಳುವುದು ಅವರನ್ನೇ, ಅದೂ ನಿಜ.

ಅಳು ಬಂದೇಬಿಟ್ಟಿತು. ಅದನ್ನು ನೋಡಿ ಪಾಪ, ಅವರು ಒಂದು ದಾರಿ ಹುಡುಕಿದರು.

"ಅಳ್ಬೇಡ ಸುಮ್ಕಿರವ್ವ. ಮುಟ್ಟೋನು ನಾನು, ಕೇಳೋಳು ನೀನು."

ಹೀಗೆ ಶುರುವಾಯಿತು ನೋಡಿ.

ಕೈಕಾಲು ತೊಳೆದು ಬಂದು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಬಿಚ್ಚಿದರು. ನಮ್ಮ ಕಡೆ ಯಾವ ಪುಸ್ತಕವಾದರೂ ಜೋರಾಗಿ ಓದಿ ಹೇಳಿದರೆ ಅದು ಪಾರಾಯಣವೇ. ಪೇಪರ್ ಓದಲು ಬಂದಿದ್ದ ಚಿಕ್ಕೇಗೌಡರು ಮತ್ತು ಇನ್ನಿಬ್ಬರು ಯಜಮಾನರು ಪೇಪರ್ ಮಡಚಿಟ್ಟು ಹತ್ತಿರ ಸರಿದರು.

ನಾನು ಕೇಳಿದ್ದು ತುಷ್ಟಿಗುಣದ ಅಧ್ಯಾಯ. ಅವರು ಒಪ್ಪಲಿಲ್ಲ.

"ಮಧ್ಯದಿಂದ ಓದುದ್ರೆ ಫಲ ಸಿಕ್ಕಾಕಿಲ್ಲ."

ಹಾಗಾಗಿ ಮೊದಲ ಪುಟದಿಂದ. ಪ್ರಕಾಶಕರ ಹೆಸರು, ಮುದ್ರಣಾಲಯದ ಹೆಸರು, ಎಲ್ಲವೂ ರಾಗವಾಗಿ. "ಹಕ್ಕುಗಳನ್ನು ಕಾದಿರಿಸಿದೆ" ಎಂಬ ಸಾಲು ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದರು.

"ನೋಡವ್ವ, ಅಚ್ಚಾಗದೆ. ಕಾದಿರ್ಸದೆ ಅಂತ. ಕಾಯೋನ್ಯಾರು, ನಾನಲ್ವ?"

ಮುನ್ನುಡಿಯಲ್ಲಿ ಲೇಖಕರು ಹೆಂಡತಿಗೆ ಕೃತಜ್ಞತೆ ಹೇಳಿದ್ದರು. ಆಯಮ್ಮ ಯಾವೂರಿನವಳು ಅಂತ ಚಿಕ್ಕೇಗೌಡರು ಕೇಳಿದರು. ಅದರಲ್ಲೇ ಆ ದಿನ ಮುಗಿಯಿತು.

ಮಾರನೆಯ ದಿನ ಹೋದರೆ ಕಪಾಟಿನ ಮೇಲೆ ಊದುಬತ್ತಿ. ಜನ ಹೆಚ್ಚಾಗಿದ್ದಾರೆ, ಚಾಪೆ ಹಾಸಿದ್ದಾರೆ. ಯಾರೋ ಕಡಲೆಪುರಿಯನ್ನೂ ತಂದಿದ್ದಾರೆ. ನನಗೊಬ್ಬಳಿಗೇ ಪರೀಕ್ಷೆಯ ದಿಗಿಲು, ಮಿಕ್ಕವರಿಗೆಲ್ಲ ಹಬ್ಬ.

ಅಂತೂ ಪರೀಕ್ಷೆಯ ಹಿಂದಿನ ದಿನ ತುಷ್ಟಿಗುಣ ಬಂತು. ಒಂದೇ ವಸ್ತುವನ್ನು ಮತ್ತೆ ಮತ್ತೆ ಬಳಸುತ್ತಾ ಹೋದರೆ ಅದರಿಂದ ಸಿಗುವ ಹೆಚ್ಚಿನ ತೃಪ್ತಿ ಕಡಿಮೆಯಾಗುತ್ತಾ ಹೋಗುತ್ತದೆ ಎಂಬ ನಿಯಮ. ಪುಟ್ಟಸ್ವಾಮಣ್ಣ ಎರಡು ಸಲ ಓದಿದರು. ಯಾರಿಗೂ ಅರ್ಥವಾಗಲಿಲ್ಲ, ಓದಿದವರಿಗೂ.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ.

"ಹಸ ಅರಚ್ಕತಾ ಅದೆ, ಇಲ್ಲೇನಮ್ಮಿ ನಿಂದು?"

ನಾನು ಏಳಹೋದೆ. ಆದರೆ ಪಾರಾಯಣದ ನಡುವೆ ಎದ್ದು ಬರುವ ಹಾಗಿಲ್ಲವಲ್ಲ, ಅವರೂ ಸೆರಗು ಹೊದ್ದು ಕೂತರು. ಮೂರನೇ ಸಲ ಓದಿದ್ದನ್ನು ಕೇಳಿ ಮುಖ ಗಂಟಿಕ್ಕಿದರು.

"ಇದ್ರಲ್ಲೇನದೆ? ಮೊದ್ಲುನ್ ಮುದ್ದೆ ಅಮೃತ, ಎರಡ್ನೇದು ಊಟ, ಮೂರ್ನೇದು ಶಿಕ್ಷೆ."

ಚಾಪೆಯ ಮೇಲಿದ್ದವರೆಲ್ಲ ತಲೆದೂಗಿದರು. ಚಿಕ್ಕೇಗೌಡರೊಬ್ಬರನ್ನು ಬಿಟ್ಟು.

"ಬರ್ದೋನು ಕಬ್ಬು ಕಡ್ದಿಲ್ಲ ಬುಡವ್ವ. ಕಬ್ಬು ಕಡ್ದು ಬಂದೋನ್ಗೆ ಮೂರ್ನೇ ಮುದ್ದೇನೂ ಅಂಗೇ ರುಚಿ."

ಜಗಳ ಹತ್ತಿಕೊಂಡಿತು. ಊರು ಎರಡು ಪಕ್ಷವಾಯಿತು. ಮುಂದಿನ ಅಧ್ಯಾಯಗಳು ಹಾಗೇ ಉಳಿದವು, ಹಸು ಅರಚುತ್ತಲೇ ಇತ್ತು.

ಮರುದಿನ ಪ್ರಶ್ನೆಪತ್ರಿಕೆ ಬಿಚ್ಚಿ ನೋಡಿದೆ. "ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಉದಾಹರಣೆ ಮತ್ತು ಅಪವಾದಗಳೊಂದಿಗೆ ವಿವರಿಸಿ."

ನಗು ತಡೆಯಲಾಗಲಿಲ್ಲ, ಮೇಲ್ವಿಚಾರಕರು ಗದರಿದರು. ಉದಾಹರಣೆಗೆ ಅತ್ತೆಯ ಮುದ್ದೆ ಬರೆದೆ. ಅಪವಾದಕ್ಕೆ ಚಿಕ್ಕೇಗೌಡರ ಕಬ್ಬು. ಮಿಕ್ಕದ್ದನ್ನು ಹಳೆಯ ನೆನಪಿನಲ್ಲಿ ಹೇಗೋ ತುಂಬಿಸಿದೆ. ಮನೆಗೆ ಬಂದು ಅತ್ತೆಗೂ ಹೇಳಿಬಿಟ್ಟೆ.

ರಿಸಲ್ಟ್ ಬಂದ ದಿನ ಅತ್ತೆ ಕೊಟ್ಟಿಗೆಯಲ್ಲಿದ್ದರು. ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ಪಾಸಾದ್ವೇನಮ್ಮಿ ನಾವು?"

ಆದೆವು ಅಂದೆ.

"ಚಿಕ್ಕೇಗೌಡಂಗೂ ಯೋಳ್ಬುಡು. ಮುದ್ದೆ ವಿಚಾರ್ದಲ್ಲಿ ನಾ ಯೋಳಿದ್ದೇ ಸರಿ ಅಂತ."

ನಿಮ್ಮಲ್ಲೂ ಹೀಗೆ ಇಡೀ ಊರಿನ ಜೊತೆ ಪಾಸಾದವರು ಯಾರಾದರೂ ಇದ್ದೀರಾ?