ಸತ್ತೆಪ್ಪನ ಗಾಲಿಯ ಬಿರುಕು

ಕಲ್ಲವ್ವಾ, ನಿನ್ನ ಗಂಡ ಸತ್ತೆಪ್ಪ ಅಂದು ಕುಡಿದಿರಲಿಲ್ಲ. ಲಾರಿ ಉರುಳಿದ್ದು ಗಾಲಿ ಒಡೆದು. ಆ ಗಾಲಿಯಲ್ಲಿ ಬಿರುಕಿದೆ ಎಂಬುದು ಲಾರಿ ಹೊರಡುವ ಮೊದಲೇ ನನಗೆ ಗೊತ್ತಿತ್ತು. ಮುಚ್ಚಿದವಳೂ ನಾನೇ — ಈ ಕೈಯಿಂದಲೇ ಬಟ್ಟೆಸಾಬೂನು ತೀಡಿ, ಮೇಲೆ ಬಣ್ಣ ಬಳಿದೆ. ಇಷ್ಟು ಹೇಳಲು ನನಗೆ ಹನ್ನೆರಡು ವರ್ಷ ಹಿಡಿಯಿತು, ಅದೂ ಸತ್ತೆಪ್ಪ ಮಣ್ಣಿಗೆ ಹೋದ ಮೇಲೆ.

ಹತ್ತರಗಿಯ ನಮ್ಮ ಮನೆ ನಿನಗೆ ಗೊತ್ತು. ನಮ್ಮ ಮನೆಯವರು ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು, ಗಾಲಿ ತಿಕ್ಕುವುದು ನನ್ನ ಪಾಲಿಗೆ. ಹಿತ್ತಲಲ್ಲಿ ಗಾಲಿ ಮಲಗಿಸಿ, ಕಾಸ್ಟಿಕ್ ಸೋಡಾದ ನೀರು ಸವರಿ, ಹಳೆಯ ಬಣ್ಣ ಉಬ್ಬಿದ ಮೇಲೆ ಕೆರೆದು, ಉಸುಕಿನ ಕಾಗದ ಹಾಕಿ ಕಬ್ಬಿಣದ ಮೈ ಕಾಣುವ ತನಕ ತಿಕ್ಕಬೇಕು. ಆಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಅಲ್ಯೂಮಿನಿಯಂ ಬಣ್ಣ. ಗಾಲಿಯ ನಡುವೆ ಕೂರುವ ಅಲ್ಯೂಮಿನಿಯಂ ಟೋಪಿಗೆ ಮಾತ್ರ ಸೋಡಾ ತಾಗಿಸಬಾರದು, ಕಪ್ಪಾಗುತ್ತದೆ; ಅದನ್ನು ಹುಣಿಸೆಹಣ್ಣು, ಬೂದಿ ಹಾಕಿ ಬೆಳಗುತ್ತಿದ್ದೆ. ಹೆದ್ದಾರಿಯಲ್ಲಿ ಓಡುವ ಲಾರಿಗಳಲ್ಲಿ ನನ್ನ ಕೈಯ ಗಾಲಿ ಯಾವುದೆಂದು ಹೊಸ್ತಿಲಲ್ಲಿ ಕೂತೇ ಹೇಳಿಬಿಡುತ್ತಿದ್ದೆ. ಸೊಕ್ಕು ಅನ್ನು ಬೇಕಾದರೆ — ಇತ್ತು.

ಹುಕ್ಕೇರಿಯ ಸಾವಕಾರರು ಯುದ್ಧ ಮುಗಿದಾಗ ಮಿಲಿಟರಿ ಹರಾಜಿನಲ್ಲಿ ಹಿಡಿದ ಹಳೆಯ ಲಾರಿ ಅದು. ಸತ್ತೆಪ್ಪ ಅದರ ಡ್ರೈವರ್. ಆ ವರ್ಷ ದಸರೆಯ ಹಿಂದಿನ ದಿನದ ಖಂಡೇಪೂಜೆಗೆ ಗಾಲಿ ಹೊಳೆಯಬೇಕೆಂದು ನಮ್ಮಲ್ಲಿ ಬಿಟ್ಟಿದ್ದರು. ಪೂಜೆಯ ದಿನ ಮಧ್ಯಾಹ್ನ ನಿನ್ನ ಗಂಡ ಬಂದ. ಮುಂದಿನ ಗಾಲಿಯೊಂದರ ಮೇಲೆ ಉಗುರಿನಿಂದ ಗೀರಿದ, ಬಣ್ಣ ಸಿಪ್ಪೆ ಎದ್ದಿತು. ಚಹಾ ಕುಡಿಯುತ್ತ ಕೂತಿದ್ದ ನಾಲ್ಕು ಮಂದಿಯ ಮುಂದೆ —

"ಏನ್ರಿ ವೈನಿ, ಮುಸುರಿ ತಿಕ್ಕಿದಂಗ ತಿಕ್ಕೀರಲ್ಲ. ಇದು ಗಾಲಿ ಐತ್ರಿ, ನಿಮ್ಮ ರೊಟ್ಟಿ ಹಂಚಲ್ಲ."

ಎಲ್ಲರೂ ನಕ್ಕರು. ನಮ್ಮ ಮನೆಯವರೂ ನಕ್ಕರು.

ಆ ಗಾಲಿಯನ್ನು ಮತ್ತೆ ಕೆರೆದೆ. ಹತಾರಗಳನ್ನು ಆಗಲೇ ತೊಳೆದು ಪೂಜೆಗೆ ಜೋಡಿಸುತ್ತಿದ್ದರು, ನನ್ನ ಕೆರೆಯುವ ಪಟ್ಟಿ ಒಂದೇ ಬಾಕಿ. ಬೋಲ್ಟು ಕೂರುವ ತೂತಿನಿಂದ ಒಂದು ಗೆರೆ ಹೊರಟಿತ್ತು. ಕೂದಲೆಂದು ಒರೆಸಿದೆ, ಹೋಗಲಿಲ್ಲ. ಉಗುರು ಸಿಕ್ಕಿಕೊಂಡಿತು. ಕಬ್ಬಿಣ ಸೀಳಿತ್ತು, ಒಂದು ಬೆರಳಿನಷ್ಟು ಉದ್ದ.

ಎದ್ದು ಹೇಳಬೇಕಿತ್ತು. ಹತ್ತು ಹೆಜ್ಜೆ ಆಚೆ ಅವನು ಲಾರಿಗೆ ಬಾಳೆಕಂಬ ಕಟ್ಟುತ್ತಿದ್ದ. ಆದರೆ ನನ್ನ ತಲೆಯಲ್ಲಿ ಓಡಿದ್ದೇ ಬೇರೆ — ಈಗ ಹೇಳಿದರೆ, ನೀವೇ ಬಡಿದು ಸೀಳಿದಿರಿ ಅನ್ನುತ್ತಾನೆ. ಮತ್ತೆ ನಾಲ್ಕು ಮಂದಿ ನಗುತ್ತಾರೆ. ಬೇರೆ ಗಾಲಿ ಸಿಗದೆ ಲಾರಿಯ ಪೂಜೆ ತಪ್ಪಿದರೆ ಆ ಅಪಶಕುನವೂ ನನ್ನ ತಲೆಗೆ. ಇನ್ನೊಂದು ಮಾತೂ ಇತ್ತು, ಅದನ್ನು ಬರೆಯಲು ನಾಚಿಕೆಯಾಗುತ್ತದೆ: ಇವನ ಲಾರಿ ದಾರಿಯಲ್ಲಿ ನಿಲ್ಲಲಿ, ನಾಲ್ಕು ಮಂದಿಯ ಮುಂದೆ ಇವನೂ ಒಮ್ಮೆ ಸಣ್ಣವನಾಗಲಿ, ಅಂದುಕೊಂಡೆ. ನಿಲ್ಲಲಿ ಅಂದುಕೊಂಡೆ ಅಷ್ಟೇ, ಕಲ್ಲವ್ವಾ. ಆದರೆ ಅಂದುಕೊಂಡೆ.

ಸಾಬೂನು ತೀಡಿದೆ. ಬಣ್ಣ ಬಳಿದೆ. ಸಂಜೆ ಅದೇ ಗಾಲಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈ ಮುಗಿದೆ.

ಪೂಜೆಯಾದ ಹತಾರವನ್ನು ಬನ್ನಿ ಮುಡಿಯುವ ತನಕ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಪೂಜೆಯಾದ ಗಾಲಿಯನ್ನೂ ಬಿಚ್ಚುವುದಿಲ್ಲ. ಮರುದಿನವೆಲ್ಲ ಆ ಪದ್ಧತಿಯ ಮರೆಯಲ್ಲಿ ಕೂತೆ — ಈಗೇನು ಮಾಡಲು ಬರುತ್ತದೆ, ಬನ್ನಿ ಆಗಲಿ, ಆಮೇಲೆ ಹೇಳಿದರಾಯಿತು, ಎಂದು.

ಬನ್ನಿಯೂ ಆಯಿತು. ದಸರೆಯ ಸಂಜೆ ಬನ್ನಿ ಎಲೆ ಹಿಡಿದು ಅವನು ನಮ್ಮ ಬಾಗಿಲಿಗೇ ಬಂದ, ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ವೈನಿ, ಅವತ್ತ ಏನೋ ಅಂದುಬಿಟ್ಟೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ. ಗಾಲಿ ಏನ್ ಹೊಳಿಯಾಕತ್ತಾವ್ರಿ, ಮಾರಿ ಕಾಣತೈತಿ. ತಗೋರಿ, ಬಂಗಾರಧಂಗ ಇರೂಣು."

ವೈರಿಗೂ ಬನ್ನಿ ಕೊಟ್ಟು ಜಗಳ ಮುಗಿಸುವ ದಿನ ಅದು. ಅವನು ಮುಗಿಸಿದ. ನಾನು ಬಾಯಿ ತೆರೆದೆ — ದೇವರಾಣೆ, ತೆರೆದೆ. ಆದರೆ ಈಗ ಬಿರುಕಿನ ಮಾತಾಡಿದರೆ, ಮುಚ್ಚಿದ ಮಾತನ್ನೂ ಆಡಬೇಕಲ್ಲ. ಎಲೆ ತೆಗೆದುಕೊಂಡೆ, ತಿರುಗಿ ಅವನ ಕೈಗೆ ಎಲೆ ಇಟ್ಟೆ, "ನಾವೂ ನೀವೂ ಬಂಗಾರಧಂಗ ಇರೂಣಪಾ" ಎಂದೆ. ಅದಕ್ಕಿಂತ ಹೊಲಸು ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ.

ಮೂರನೆಯ ದಿನ ಮೂಡಲಗಿಯಿಂದ ಬೆಲ್ಲ ತುಂಬಿಕೊಂಡು ಗೋಕಾಕದ ಕಡೆ ಬರುವಾಗ ತಿರುವಿನಲ್ಲಿ ಲಾರಿ ಉರುಳಿತು. ಅವನ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದರು. ಲಾರಿ ಬಿದ್ದ ಪೆಟ್ಟಿನಿಂದ ಗಾಲಿ ಒಡೆಯಿತೆಂದರು. ದಸರೆಯಲ್ಲಿ ಕುಡಿದ ಸೆರೆ ಇಳಿದಿರಲಿಲ್ಲವೆಂದರು. ಆಡುವವರ ಬಾಯಿಗೆ ಅಡ್ಡಗೈ ಹಿಡಿಯುವವರಿಲ್ಲ. ಹಿಡಿಯಬಲ್ಲವಳು ನಾನೊಬ್ಬಳೇ ಇದ್ದೆ.

ಒಡೆದ ಗಾಲಿಯನ್ನು ನಮ್ಮ ಮನೆಯವರು ಕಬ್ಬಿಣಕ್ಕಾಗುತ್ತದೆಂದು ಮನೆಗೆ ತಂದರು. ಹಿತ್ತಲಿಗೆ ಹೋಗಿ ನೋಡಿದೆ. ಹೊಸದಾಗಿ ಮುರಿದ ಅಂಚು ಬೆಳ್ಳಗಿತ್ತು, ಬೆರಳಿನಷ್ಟು ಹಳೆಯ ಸೀಳು ಕಪ್ಪಗಿತ್ತು, ಅದರೊಳಗೆ ಸಾಬೂನು ಇನ್ನೂ ಇತ್ತು. ಅದೇ ದಿನ ಕಮ್ಮಾರನ ಕುಲುಮೆಗೆ ಸಾಗಿಸಿದೆ. ಹೀಗೆ ಎರಡನೆಯ ಸಲವೂ ಮುಚ್ಚಿದೆ.

ಮೂರನೆಯ ಸಲ ನಿನ್ನ ಮುಂದೆಯೇ. ನೀನು ಮಸಗುಪ್ಪಿಯಿಂದ ಬಸ್ಸು ಹತ್ತಿ ಬಂದು ಒಳಗೂ ಬರದೆ ಕೇಳಿದೆ: "ಅಕ್ಕಾರ, ಗಾಲಿ ತಿಕ್ಕಿದಾಕಿ ನೀವು. ಖರೆ ಹೇಳ್ರಿ, ಗಾಲಿ ಚಲೋ ಇತ್ತೇನ್ರಿ? ಇರಲಿಲ್ಲಂದ್ರ ನನ್ನ ಗಂಡನ ಹೆಸರು ಉಳೀತೈತಿ."

"ಚಲೋ ಇತ್ತವಾ" ಎಂದೆ. ನೀನು ಸೆರಗು ಸರಿಮಾಡಿಕೊಂಡು ಹೋದೆ.

ಅಂದಿನಿಂದ ನೀನೂ ನಂಬಿದೆ. ಕುಂಟನಾಗಿ ಕಟ್ಟೆಯ ಮೇಲೆ ಕೂತವನನ್ನು ಕುಡುಕ ಎಂದು ನೀನೇ ಬೈಯುತ್ತಿದ್ದೆಯೆಂದು ಕೇಳಿದೆ. ಕೇಳಿಯೂ ರೊಟ್ಟಿ ಬಡಿದೆ, ಗಾಲಿ ತಿಕ್ಕಿದೆ. ಕಳೆದ ವಾರ ಹುಕ್ಕೇರಿಯ ಸಂತೆಯಲ್ಲಿ ನಿಮ್ಮೂರಿನ ಹೆಂಗಸೊಬ್ಬಳು ಅವನ ಕೊನೆಯ ದಿನದ ಮಾತು ಹೇಳಿದಳು — "ಹೂಂ, ಅವತ್ತ ನಾ ಕುಡದಿದ್ದೆ. ಇನ್ನರೆ ಸಿಟ್ಟ ಬಿಡ" ಎಂದು ನಿನ್ನ ಕೈ ಹಿಡಿದನಂತೆ. ನೀನು ಅತ್ತು, ಕ್ಷಮಿಸಿದೆ ಎಂದೆಯಂತೆ.

ಕಾಯಿಪಲ್ಲೆಯ ಚೀಲ ಅಲ್ಲೇ ಬಿಟ್ಟು ಬಂದೆ. ಮಾಡದ ತಪ್ಪನ್ನು ಅವನು ಒಪ್ಪಿಕೊಂಡು ಹೋದ, ಮಾಡಿದವಳು ನಾನು ಸಂತೆ ಮಾಡುತ್ತಿದ್ದೆ.

ನಮ್ಮ ಮನೆಯವರಿಗೆ ನಾಳೆ ಹೇಳುತ್ತೇನೆ. ನಾಡಿದ್ದು ಮೊದಲ ಬಸ್ಸಿಗೆ ಮಸಗುಪ್ಪಿಗೆ ಬರುತ್ತೇನೆ. ನಿನ್ನ ಓಣಿಯವರನ್ನೆಲ್ಲ ಕರೆದಿರು. ಇದನ್ನು ನಾನು ಅವರ ಎದುರೇ ಹೇಳಬೇಕು. ನೀನು ಏನು ಅಂದರೂ ಕೇಳಿಸಿಕೊಳ್ಳುತ್ತೇನೆ. ಒಳಗೆ ಬಾ ಎಂದು ಮಾತ್ರ ಕರೆಯಬೇಡ, ಕಲ್ಲವ್ವಾ.